ಉಳಿಸಿದ ಚಾರ್ಜ್ ಯಾರಿಗೆ?

ಮಿತವಾಗಿ ಬಳಸಬೇಕು ಅಂತ ನಾವು ಮಕ್ಕಳಿಗೆ ಹೇಳತೀವಿ. ಆದರೆ ಉಳಿಸಿದ್ದು ಯಾರಿಗಾಗಿ ಎಂದು ಕೇಳಿಕೊಳ್ಳದಿದ್ದರೆ ಮಿತವ್ಯಯಕ್ಕೂ ಜಿಪುಣತನಕ್ಕೂ ಏನು ಫರಕ? ನನ್ನ ಲ್ಯಾಪ್‌ಟಾಪ್ ಈ ಪ್ರಶ್ನೆಯನ್ನು ನನ್ನ ಮುಂದ ತಂದಿಟ್ಟಿತು.

ಬ್ಯಾಸಗ್ಯಾಗ ಬೋರಾಮಣಿಯಲ್ಲಿ ಲೈಟ್ ಹೋದರ ಯಾವಾಗ ಬರತದ ಅಂತ ಹೇಳಲಿಕ್ಕಾಗೂದಿಲ್ಲ. ಅದಕ್ಕಾಗಿ ಬ್ಯಾಟರಿ ಉಳಿಸುವುದನ್ನು ಕಲಿತೆ. ಪರದೆಯ ಬೆಳಕು ಇಳಿಸುವುದು, ಬೇಡಾದಾಗ ವೈಫೈ, ಬ್ಲೂಟೂತ್ ಬಂದ್ ಮಾಡುವುದು, ಬಳಸದ ಪ್ರೋಗ್ರಾಮ್ ಮುಚ್ಚುವುದು. ಲೆಕ್ಕ ಸರಳ: ಬ್ಯಾಟರಿ 40 ವ್ಯಾಟ್-ಅವರ್ ಇದ್ದು, ಯಂತ್ರ 10 ವ್ಯಾಟ್ ಎಳೆದರೆ 4 ತಾಸು, 5 ವ್ಯಾಟ್ ಎಳೆದರೆ 8 ತಾಸು.

ಒಂದು ಸಂಜೆ ಲೈಟ್ ಇರಲಿಲ್ಲ. ಓಣಿಯ ಹುಡುಗಿಯೊಬ್ಬಳು ಬಂದಳು. "ಸರ, ಸ್ಕಾಲರ್‌ಶಿಪ್ ಅರ್ಜಿಗೆ ನಾಳೆ ಕಡೀ ದಿನ. ತುಂಬಿ ಕೊಡ್ತೀರೇನ್ರಿ?" ಬ್ಯಾಟರಿ 60 ಪ್ರತಿಶತ ಇತ್ತು. "ಚಾರ್ಜ್ ಸಾಲೂದಿಲ್ಲವ್ವ, ರಾತ್ರಿ ನಂದು ಬರಿಯೂದದ" ಅಂದೆ. ಮರುದಿನ ಅವರಪ್ಪ ಕೂಲಿ ಬಿಟ್ಟು ಅವಳನ್ನು ಸೊಲ್ಲಾಪುರಕ್ಕೆ ಕರಕೊಂಡು ಹೋದ. ಅರ್ಜಿ ಹೋಯಿತು, ಆದರೆ ಆ ಮನೆಯ ಒಂದು ದಿನದ ದುಡಿಮೆಯೂ ಹೋಯಿತು. ನಾನು ಆ ರಾತ್ರಿ ಬರೆದದ್ದು ಅರ್ಧ ಪುಟ.

ಆಮೇಲೆ ಲೆಕ್ಕ ಹಾಕಿ ನೋಡಿದೆ. 60 ಪ್ರತಿಶತ ಅಂದರೆ 24 ವ್ಯಾಟ್-ಅವರ್. ಅರ್ಜಿಗೆ ಅರ್ಧ ತಾಸು ಹಿಡಿದರೂ 5 ಹೋಗುತ್ತಿತ್ತು. ಉಳಿದ 19ರಲ್ಲಿ ನನ್ನ ಬರವಣಿಗೆ ಆರಾಮಾಗಿ ಆಗುತ್ತಿತ್ತು. ಚಾರ್ಜ್ ಕಡಿಮೆ ಇರಲಿಲ್ಲ, ನನ್ನ ಮನಸೇ ಸಣ್ಣದಿತ್ತು.

ಇನ್ನೊಂದು ಮಾತು. ಲಿಥಿಯಂ-ಅಯಾನ್ ಬ್ಯಾಟರಿ ಬಳಸದೇ ಇಟ್ಟರೂ ಮುಪ್ಪಾಗುತ್ತದೆ. ಪೂರ್ತಿ ತುಂಬಿ ಸೆಕೆಯಲ್ಲಿ ಇಟ್ಟರಂತೂ ಬೇಗ. ಬಹಳ ದಿನ ಬಾಳಬೇಕಾದರೆ 20ರಿಂದ 80ರ ನಡುವೆ ಇಟ್ಟು, ತಂಪಿನಲ್ಲಿ ಇಡಬೇಕು. ನಾನೋ ಪತ್ರಾಸಿನ ಕೋಣೆಯಲ್ಲಿ, 40 ಡಿಗ್ರಿ ಬಿಸಿಲಿನಾಗ, ಯಾವಾಗಲೂ 100ಕ್ಕೆ ತುಂಬಿ ಕಾಯುತ್ತಿದ್ದೆ. ಯಾರಿಗೂ ಕೊಡದೆ ಕಾದ ಬ್ಯಾಟರಿ ಎರಡು ವರ್ಷದಾಗ ಸೋತಿತು.

12ನೇ ಶತಮಾನದಲ್ಲಿ ಸಿದ್ಧರಾಮರು ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದರು. ಕೆರೆಯ ನೀರು ಪೋಲು ಮಾಡಬಾರದು, ಖರೆ. ಆದರೆ ನೀರಡಿಸಿ ಬಂದವರನ್ನ ಹೊಳ್ಳಿ ಕಳಿಸಿ ಕಾದರೂ ಆ ನೀರನ್ನ ಬಿಸಿಲು ಕುಡೀತದ.

ಕೇಳಿದವರಿಗೆಲ್ಲ ಕೊಟ್ಟರ ನಮ್ಮ ಕೆಲಸ ಹೆಂಗ ಅಂತ ನೀವು ಕೇಳಬಹುದು. ಎಲ್ಲರಿಗೂ ಕೊಡಲಿಕ್ಕೆ ಆಗೂದಿಲ್ಲ. ಆದರೆ ಇಲ್ಲ ಅನ್ನುವ ಮೊದಲು ಅವರ ಅಡಚಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈಗಲೂ ನಾನು ಪರದೆಯ ಬೆಳಕು ಇಳಿಸಿಯೇ ಬರೀತೀನಿ. ಯಾರಾದರೂ ಬಂದು ಬಾಗಿಲು ಬಡಿದರ ಕೊಡಲಿಕ್ಕೆ ಒಂದಿಷ್ಟು ಇರಲಿ ಅಂತ.