ಕರೆಂಟ್ ಹೋದ ಮೇಲಿನ ಕೆಲವು ಸೆಕೆಂಡು

ಮೂರು ಹಳಿಯ ಆಟದ ರೈಲಿನ ಎಂಜಿನ್ನಿಗೆ ಓಡುವುದಕ್ಕೆ ಬ್ಯಾಟರಿ ಬೇಕಿಲ್ಲ. ಹಳಿಯಲ್ಲೇ ಕರೆಂಟ್ ಇರುತ್ತದೆ. ನಡುವಿನ ಮೂರನೆಯ ಹಳಿಯ ಮೇಲೆ ಉರುಳಿಕೊಂಡು ಹೋಗುವ ಸಣ್ಣ ರೋಲರ್ ಅದನ್ನು ಎತ್ತಿಕೊಳ್ಳುತ್ತದೆ, ಮೋಟಾರು ತಿರುಗುತ್ತದೆ. ಹಾಗಿದ್ದೂ ಅಮೆರಿಕದ ಎಂ.ಟಿ.ಎಚ್. ಕಂಪನಿ ತೊಂಬತ್ತರ ದಶಕದಲ್ಲಿ ಪ್ರೋಟೋ-ಸೌಂಡ್ ಎಂಬ ಸದ್ದಿನ ವ್ಯವಸ್ಥೆ ತಂದಾಗ ಎಂಜಿನ್ನಿನ ಹೊಟ್ಟೆಯೊಳಗೆ ಒಂದು ಬ್ಯಾಟರಿ ಇಟ್ಟಿತು. 2000ದಲ್ಲಿ ಅದರ ಎರಡನೆಯ ಆವೃತ್ತಿ ಬಂದಾಗಲೂ ಇಟ್ಟಿತು. ಆ ಎಂಜಿನ್ನುಗಳ ಗೇರು, ಮೋಟಾರು ಇವತ್ತಿಗೂ ಗಟ್ಟಿಯಾಗಿವೆ. ಕೈಕೊಡುವುದು ಹೆಚ್ಚಾಗಿ ಈ ಬ್ಯಾಟರಿಯೇ.

ಓಡಿಸದ ಬ್ಯಾಟರಿ ಯಾಕೆ ಬೇಕು?

ಮೂರು ಹಳಿಯ ಈ ರೈಲುಗಳಲ್ಲಿ ಎಂಜಿನ್ನಿಗೆ ದಿಕ್ಕು ಬದಲಿಸು ಎಂದು ಹೇಳಬೇಕೆಂದರೆ ಹಿಂದಿನಿಂದ ಬಂದ ದಾರಿ ಒಂದೇ, ಕರೆಂಟ್ ಕಡಿಯುವುದು. ಮುಂದೆ ಹೋಗುತ್ತಿದ್ದಾಗ ಒಮ್ಮೆ ಕಡಿದು ಮತ್ತೆ ಕೊಟ್ಟರೆ ನಿಂತಲ್ಲೇ ಗುರುಗುಡುತ್ತದೆ. ಇನ್ನೊಮ್ಮೆ ಕಡಿದು ಕೊಟ್ಟರೆ ಹಿಂದಕ್ಕೆ ಹೊರಡುತ್ತದೆ. ಹಾರ್ನ್ ಬೇಕಿದ್ದರೆ ಎ.ಸಿ. ಕರೆಂಟಿನ ಮೇಲೆ ಸ್ವಲ್ಪ ಡಿ.ಸಿ. ಬೆರೆಸಿ ಕಳಿಸಬೇಕು. ದಿಕ್ಕು ಬದಲಿಸುವ ಮಾತೆಲ್ಲ ಮಾತ್ರ ಕಡಿತದ್ದೇ. ಸದ್ದಿಲ್ಲದ ಹಳೆಯ ಎಂಜಿನ್ನುಗಳಿಗೆ ಇದರಿಂದ ತೊಂದರೆಯಿರಲಿಲ್ಲ. ಆದರೆ ಡೀಸೆಲ್ ಎಂಜಿನ್ನಿನ ಗುಡುಗುಡು ಕೇಳಿಸಬೇಕು ಎಂದಾದ ಮೇಲೆ, ದಿಕ್ಕು ಬದಲಿಸಿದಾಗಲೆಲ್ಲ ಸದ್ದು ಪಟ್ಟನೆ ಸತ್ತು ಮತ್ತೆ ಹುಟ್ಟಿದರೆ ಆಟದ ಸೊಗಸೇ ಹೋಯಿತು. ಆ ಸಂದಿಯನ್ನು ತುಂಬಲು ಬ್ಯಾಟರಿ ಬಂತು. ಹಳಿಯಲ್ಲಿ ಕರೆಂಟ್ ಇರುವಷ್ಟು ಹೊತ್ತು ಅದು ಸುಮ್ಮನೆ ಚಾರ್ಜ್ ಆಗುತ್ತಿರುತ್ತದೆ. ಕರೆಂಟ್ ಹೋದ ಮೇಲಿನ ಕೆಲವು ಸೆಕೆಂಡು ಮಾತ್ರ ಅದರ ಆಳ್ವಿಕೆ.

ಕರೆಂಟ್ ಕಡಿದ ಆ ಗಳಿಗೆಯಲ್ಲಿ, ಇದು ದಿಕ್ಕು ಬದಲಿಸು ಎಂಬ ಅಪ್ಪಣೆಯೋ ಅಥವಾ ಆಟವೇ ಮುಗಿಯಿತೋ ಎಂದು ತಿಳಿಯಲು ಎಂಜಿನ್ನಿಗೆ ಯಾವ ಉಪಾಯವೂ ಇಲ್ಲ. ಎರಡೂ ಒಂದೇ ಥರ ಕಾಣುತ್ತವೆ. ಸ್ವಲ್ಪ ಹೊತ್ತು ಉಸಿರು ಹಿಡಿದು ಉಳಿದರೆ ತಾನೇ ಗೊತ್ತಾಗುವುದು? ಕರೆಂಟ್ ಮರಳಿ ಬಂದರೆ ಅಪ್ಪಣೆ. ಬರದಿದ್ದರೆ, ಬ್ಯಾಟರಿಯ ಬಲದಲ್ಲೇ ತನ್ನ ಲೆಕ್ಕಪತ್ರವನ್ನೆಲ್ಲ ಚಿಪ್ಪಿನೊಳಗೆ ಬರೆದಿಟ್ಟು ಕ್ರಮವಾಗಿ ನಿಲ್ಲಬೇಕು. ಈ ಚಿಕ್ಕ ಡಬ್ಬಿಯ ಮೇಲೆ ಇಷ್ಟೊಂದು ಯೋಚನೆ ಮಾಡಲು ನನಗೆ ಕಾರಣ ಸಿಕ್ಕಿದ್ದು ಇಲ್ಲಿಯೇ.

ಯೋಚನೆ ಹುಟ್ಟಿದ್ದು ದೋಣಿಗಲ್‌ನಲ್ಲಿ, ನಮ್ಮ ದೊಡ್ಡಪ್ಪನ ತೋಟದ ಮನೆಯಲ್ಲಿ. ಮಂಜರಾಬಾದ್ ಕೋಟೆಯ ಗುಡ್ಡ ಒಂದು ಕಡೆ, ಕೆಳಗೆ ಮಂಗಳೂರಿಗೆ ಇಳಿಯುವ ರೈಲು. ಹಾಸನ–ಮಂಗಳೂರು ಮೀಟರ್ ಗೇಜ್ ದಾರಿ ಪೂರ್ತಿಯಾದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ನಲ್ಲಿ 57 ಸುರಂಗ, 109 ಸೇತುವೆ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ದಾರಿ ಅದು. ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ ದಾಟಿ ದೋಣಿಗಲ್ ಮುಟ್ಟುವ ಹೊತ್ತಿಗೆ ಎಂಜಿನ್ನು ಏದುಸಿರು ಬಿಡುತ್ತಿರುತ್ತದೆ. ಮೀಟರ್ ಗೇಜ್ ಕಾಲದಲ್ಲಿ ಹತ್ತುತ್ತಿದ್ದದ್ದು ವೈ.ಡಿ.ಎಂ.-4 ಎಂಜಿನ್ನುಗಳು. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ, ಕಟ್ಟಿದ್ದು ಬಹುಪಾಲು ವಾರಾಣಸಿಯಲ್ಲಿ. ಮಳೆಗಾಲದ ರಾತ್ರಿ ಕಾಡಿನೊಳಗಿಂದ ಅವು ಗೊಳಗೊಳ ಎಂದು ಏರಿ ಬರುವ ಸದ್ದು ಕೇಳುತ್ತ ಬೆಳೆದವನು ದೊಡ್ಡಪ್ಪನ ಮಗ. ಈಗ ಅಮೆರಿಕದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಊರಿಗೆ ಬಂದಾಗ ಆಲ್ಕೋ ಪಿ.ಎ. ಎಂಜಿನ್ನಿನ ಎಂ.ಟಿ.ಎಚ್. ಮಾದರಿಯೊಂದನ್ನು ಅಪ್ಪನಿಗೆ ತಂದುಕೊಟ್ಟ. ನಿಜವಾದ ಪಿ.ಎ. 1946ರಿಂದ 1953ರವರೆಗೆ ತಯಾರಾದದ್ದು. ಅದರೊಳಗಿನ ಡೀಸೆಲ್ ಎಂಜಿನ್ 244, ನಮ್ಮ ವೈ.ಡಿ.ಎಂ.ನದು 251. ಎಂಜಿನ್ ಬೇರೆ, ಮನೆತನ ಒಂದೇ. ರೈಲಿನ ಸದ್ದಿನಲ್ಲಿ ತೀರಾ ಪಳಗಿದ ಕಿವಿಯಾದರೆ ಒಪ್ಪಲಿಕ್ಕಿಲ್ಲ. ದೊಡ್ಡಪ್ಪ ಮಾತ್ರ ಕೇಳಿದ ಕೂಡಲೇ, "ಇದು ನಮ್ಮ ಹಳೇ ಎಂಜಿನ್ನೇ ಕಣೋ" ಎಂದುಬಿಟ್ಟರಂತೆ.

ಆಮೇಲೆ ಅದು ಗಾಜಿನ ಕಪಾಟು ಸೇರಿತು. ಮುದುಕರು ಒಬ್ಬರೇ ಹಳಿ ಜೋಡಿಸುವುದು, ನಮ್ಮ 230 ವೋಲ್ಟನ್ನು ಅಮೆರಿಕದ 120ಕ್ಕೆ ಇಳಿಸುವ ಡಬ್ಬಿ ಹುಡುಕುವುದು, ಯಾರಿಗೆ ಬೇಕು ಆ ರಗಳೆ. ಹೋದ ಮಳೆಗಾಲ ಮುಗಿದ ಮೇಲೆ ಮೊಮ್ಮಕ್ಕಳು ಬಂದರೆಂದು ಹೊರಗೆ ತೆಗೆದರೆ ಎಂಜಿನ್ನು ಓಡಿತು, ಸದ್ದೂ ಮಾಡಿತು. ಕರೆಂಟ್ ಕಡಿದ ತಕ್ಷಣ ಮೂಕವಾಯಿತು.

ಸಕಲೇಶಪುರದಿಂದ ಬಂದ ರಿಪೇರಿಯವನು ಟಿ.ವಿ., ಯು.ಪಿ.ಎಸ್., ತೋಟದ ಪಂಪಿನ ಸ್ಟಾರ್ಟರ್, ಎಲ್ಲಕ್ಕೂ ಕೈಹಾಕುವವನು. ಆಟದ ರೈಲು ಅವನಿಗೂ ಹೊಸದು. ಎಂಜಿನ್ನನ್ನು ಟವೆಲಿನ ಮೇಲೆ ಅಂಗಾತ ಮಲಗಿಸಿ ಅಡಿಯ ಸ್ಕ್ರೂಗಳನ್ನು ಬಿಚ್ಚಿದ. ಮೇಲಿನ ಕವಚವನ್ನು ವೈರು ಎಳೆಯದ ಹಾಗೆ ಮೆಲ್ಲಗೆ ಎತ್ತಿ ಪಕ್ಕಕ್ಕೆ ವಾಲಿಸಿದ. ಸರ್ಕ್ಯೂಟ್ ಬೋರ್ಡಿನ ಪಕ್ಕದಲ್ಲಿ, ರೇಡಿಯೋಗೆ ಹಾಕುವ 9 ವೋಲ್ಟ್ ಸೆಲ್ಲಿನಂಥದೇ ಚೌಕದ ಬ್ಯಾಟರಿ. ಎರಡು ಗುಂಡಿಯ ಕ್ಲಿಪ್ಪಿನ ಸುತ್ತ ಹಸಿರು ಬೂಷ್ಟು. ಮೈಮೇಲೆ ಬರೆದದ್ದು 8.4 ವೋಲ್ಟ್, ಎಂದರೆ ಒಳಗೆ 1.2 ವೋಲ್ಟಿನ ಏಳು ನಿಕಲ್-ಕ್ಯಾಡ್ಮಿಯಂ ಸೆಲ್ಲು. ಮೀಟರಿನ ಮುಳ್ಳು ಮೂರೂವರೆಯ ಆಸುಪಾಸಿನಲ್ಲಿ ನಿಂತಿತು.

"ಇದು ಓಡಿ ಓಡಿ ಸತ್ತದ್ದಲ್ಲ ಗೌಡ್ರೆ, ಕೂತು ಕೂತು ಸತ್ತದ್ದು" ಎಂದ.

ಸರಿಯಾಗಿಯೇ ಹೇಳಿದ. ಈ ಜಾತಿಯ ಬ್ಯಾಟರಿ ಸುಮ್ಮನಿದ್ದರೂ ದಿನದಿನಕ್ಕೆ ಸೋರಿಕೊಳ್ಳುತ್ತದೆ. ಖಾಲಿಯಾಗಿ ವರ್ಷಗಟ್ಟಲೆ ಬಿದ್ದಿದ್ದರೆ ಒಳಗೆ ಲೋಹದ ಎಳೆಗಳು ಬೆಳೆದು ಸೆಲ್ಲುಗಳು ಒಂದೊಂದಾಗಿ ಶಾರ್ಟ್ ಆಗುತ್ತವೆ. ಅದರ ಜಾಗಕ್ಕೆ ಅಂಗಡಿಯ ಮಾಮೂಲಿ 9 ವೋಲ್ಟ್ ಸೆಲ್ ಹಾಕೋಣವೆಂದು ಮನೆಯಲ್ಲಿ ಯಾರೋ ಅಂದರು. ಅಳತೆ ಕೂಡುತ್ತದೆ, ಕ್ಲಿಪ್ಪೂ ಕೂಡುತ್ತದೆ. ಆದರೆ ಬೋರ್ಡು ಬಿಡದೆ ಚಾರ್ಜ್ ಮಾಡುತ್ತಿರುತ್ತದೆ. ಚಾರ್ಜ್ ಆಗದ ಸೆಲ್ಲಿಗೆ ಕರೆಂಟ್ ತುಂಬುತ್ತ ಹೋದರೆ ಅದು ಒಡೆದು ಒಳಗಿನ ರಸಾಯನ ಕಕ್ಕಿ ಬೋರ್ಡನ್ನೇ ತಿನ್ನುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ 8.4 ವೋಲ್ಟಿನ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ ತರಿಸುವುದೆಂದಾಯಿತು.

ಎಳೆಯುವ ಶಕ್ತಿಯ ಲೆಕ್ಕವನ್ನು ಎಲ್ಲರೂ ಇಡುತ್ತಾರೆ, ದಾಟಿಸುವ ಶಕ್ತಿಯ ಲೆಕ್ಕ ಇಡುವವರು ಕಡಿಮೆ. ನಿಜವಾದ ಡೀಸೆಲ್ ಎಂಜಿನ್ನಿನಲ್ಲೂ ಹೀಗೆಯೇ. ಡಬ್ಲ್ಯು.ಡಿ.ಎಂ.-2 ಎಂದರೆ 2600 ಅಶ್ವಶಕ್ತಿ ಎಂದು ರೈಲಿನ ಹುಚ್ಚಿನ ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ. ಆ ಶಕ್ತಿ ಕಣ್ಣುಬಿಡಬೇಕಾದರೆ ಸೀಸ ಮತ್ತು ಆಮ್ಲದ ಬ್ಯಾಟರಿಗಳ ಸಾಲು ಮೊದಲು ಎಂಜಿನ್ನನ್ನು ತಿರುಗಿಸಿಕೊಡಬೇಕು. ಆ ಸಾಲು ಸೋತರೆ ಅಷ್ಟೂ ಅಶ್ವಗಳು ಲಾಯದಲ್ಲೇ. ಹಳೆಯ ಡ್ರೈವರುಗಳು ಗಂಟೆಗಟ್ಟಲೆ ನಿಲ್ಲಬೇಕಾದಾಗಲೂ ಎಂಜಿನ್ ಆಫ್ ಮಾಡದೆ ಗುರುಗುಡಿಸುತ್ತಲೇ ಇಡುತ್ತಿದ್ದುದಕ್ಕೆ ಈ ಭಯವೂ ಒಂದು ಕಾರಣ. ಆಫ್ ಮಾಡುವುದು ಸುಲಭ, ಮತ್ತೆ ಎಬ್ಬಿಸುವುದು ಬ್ಯಾಟರಿಯ ದಯೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದ ಗಾಳಿಗೆ ಕರೆಂಟ್ ಹೋದರೆ ಮೊದಲು ಕಿಟಕಿಯಿಂದ ಆಚೆ ಗುಡ್ಡದ ಮನೆಯ ದೀಪ ನೋಡುತ್ತಾರೆ: ನಮ್ಮ ಫ್ಯೂಸ್ ಹೋಯಿತೋ, ಊರಿಗೇ ಹೋಯಿತೋ. ಊರಿಗೇ ಹೋಗಿದ್ದರೆ ಮುಂದಿನ ಪ್ರಶ್ನೆ, ಈಗ ಬರುತ್ತದೋ, ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನಕ್ಕೋ? ಆ ಕತ್ತಲೆಯ ಮೊದಲ ನಿಮಿಷದಲ್ಲಿ ಎರಡಕ್ಕೂ ಒಂದೇ ಮುಖ. ಹಿಂದೆ ಸೆಲ್ಲುಗಳನ್ನು ಬಿಸಿಲಿಗಿಟ್ಟು, ಹಲ್ಲಲ್ಲಿ ಕಚ್ಚಿ, ಟಾರ್ಚಿಗೆ ಇನ್ನೊಂದು ರಾತ್ರಿಯ ಆಯುಸ್ಸು ತರುತ್ತಿದ್ದರು. ಕಾರಿನ ಬ್ಯಾಟರಿ ಬಿಚ್ಚಿ ಟಿ.ವಿ.ಗೆ ಕೊಟ್ಟವರೂ ಇದ್ದಾರೆ. ಈಗ ಮೊಬೈಲ್ ಟವರಿನ ಬ್ಯಾಟರಿ ಮುಗಿಯುವವರೆಗೆ ಲೋಕದ ಸಂಪರ್ಕ, ಆಮೇಲೆ ಮಳೆಯ ಸದ್ದು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿದಾಗ ರೈಲು ನಿಂತಿತು. ಪ್ರಯಾಣಿಕರ ರೈಲು ಮತ್ತೆ ಓಡಲು ಎರಡು ವಾರದ ಹತ್ತಿರ ಬೇಕಾಯಿತು. ಕುಸಿದ ದಿನ ಅದು ಎರಡು ದಿನದ ಮಾತೋ ಎರಡು ತಿಂಗಳ ಮಾತೋ ಯಾರಿಗೆ ಗೊತ್ತಿತ್ತು?

ಕಡಿತ ಎಷ್ಟು ಉದ್ದದ್ದೆಂದು ಕಡಿದಾಗಲೇ ತಿಳಿಯುವುದಿಲ್ಲ. ಸಾವಿನ ವಿಷಯದಲ್ಲೂ ನನ್ನನ್ನು ಕಾಡುವುದು ಇದೇ. ಪ್ರೋಟೋ-ಸೌಂಡಿನ ಮೊದಲ ಆವೃತ್ತಿಯಲ್ಲಿ ಒಂದು ಪಾಡು ಇತ್ತು. ಬ್ಯಾಟರಿ ಸತ್ತಿದ್ದು ಗೊತ್ತಿಲ್ಲದೆ ಕರೆಂಟ್ ಆಫ್ ಮಾಡಿದರೆ ಚಿಪ್ಪಿನ ನೆನಪು ಅರ್ಧಕ್ಕೇ ಕಲಸಿಹೋಗಬಹುದು. ಮುಂದಿನ ಸಲ ಎಷ್ಟು ವೋಲ್ಟ್ ಕೊಟ್ಟರೂ ಎಂಜಿನ್ನು ನಿಂತಲ್ಲೇ ನಿಂತುಬಿಡುತ್ತದೆ. ಹೊಸ ಬ್ಯಾಟರಿ ಹಾಕಿದರೂ ಹೋದ ನೆನಪು ತಾನಾಗಿ ಮರಳುವುದಿಲ್ಲ. ಮೋಟಾರಿಗೆ ಏನೂ ಆಗಿಲ್ಲ, ಗೇರಿಗೆ ಏನೂ ಆಗಿಲ್ಲ. ಮುಗಿಸಿಕೊಳ್ಳಲು ಪುರುಸೊತ್ತು ಸಿಗಲಿಲ್ಲ, ಅಷ್ಟೇ.

ನಮ್ಮ ಕಡೆ ಇಂಥ ಮನೆಗಳನ್ನು ಕಂಡಿದ್ದೇನೆ. ಯಜಮಾನರು ತೋಟದಲ್ಲಿ ನಿಂತಲ್ಲೇ ಕುಸಿದು ಹೋದರು. ತೋಟ ಹಾಗೇ ಇದೆ, ಕಾಫಿ ಹಣ್ಣಾಗಿದೆ, ಆಳುಗಳು ಬಂದಿದ್ದಾರೆ. ಆದರೆ ಯಾರ ಹತ್ತಿರ ಎಷ್ಟು ಸಾಲ, ಪಾಲುಪತ್ರ ಎಲ್ಲಿ, ಮೇಲಿನ ಗದ್ದೆಯ ನೀರಿನ ಬಗ್ಗೆ ಪಕ್ಕದವರೊಂದಿಗೆ ಬಾಯಿಮಾತಿನಲ್ಲಿ ಆದ ಒಪ್ಪಂದ ಏನು, ಒಂದೂ ಯಾರಿಗೂ ಗೊತ್ತಿಲ್ಲ. ಮನೆ ವರ್ಷಗಟ್ಟಲೆ ನಿಂತಲ್ಲೇ ಗುರುಗುಡುತ್ತದೆ. ನಿದ್ದೆಯಲ್ಲೇ ಹೋದರೆ "ಪುಣ್ಯವಂತರು" ಎನ್ನುತ್ತೇವೆ. ಹೋದವರ ಪಾಲಿಗೆ ಪುಣ್ಯವೇ ಇರಬಹುದು. ಉಳಿದವರನ್ನು ಕೇಳಿದರೆ, ಹಾಸಿಗೆ ಹಿಡಿದು ಎರಡು ವಾರ ನರಳಿದರೂ ಹೇಳುವುದನ್ನೆಲ್ಲ ಹೇಳಿ ಹೋದವರ ಸಾವೇ ಮೇಲು ಎಂದಾರು. ಇದರಲ್ಲಿ ಯಾರು ಸರಿ ಎಂದು ನನಗೆ ಬಗೆಹರಿದಿಲ್ಲ. ಕೊನೆಗೆ ದೊರೆಯುವ ಆ ಕೆಲವು ಸೆಕೆಂಡನ್ನು ಮೊದಲೇ ಕೂಡಿಟ್ಟಿರಬೇಕಾಗುತ್ತದೆ ಎಂಬುದಷ್ಟು ಗೊತ್ತು. ಓಡುತ್ತಿದ್ದಾಗ ಚಾರ್ಜ್ ಆಗದ್ದು ನಿಂತ ಮೇಲೆ ಆಗುವುದಿಲ್ಲ.

ಹೀಗೆ ಕೂಡಿಡುವುದಕ್ಕೂ ಎರಡು ಬಗೆ ಉಂಟು. ದೊಡ್ಡಪ್ಪನ ಮಗ ಅಮೆರಿಕದಿಂದ ಫೋನಿನಲ್ಲಿ ಹೇಳಿದ್ದು ಬೇರೆ ಉಪಾಯ: ಬ್ಯಾಟರಿಯೇ ಬೇಡ, ಅದೇ ಕ್ಲಿಪ್ಪಿಗೆ ಕೂರುವ ಸೂಪರ್ ಕೆಪಾಸಿಟರ್ ಹಾಕಿಸಿ, ಮತ್ತೆ ಬದಲಿಸುವ ತಾಪತ್ರಯವೇ ಇರುವುದಿಲ್ಲ. ಬ್ಯಾಟರಿ ಕಣಜವಾದರೆ ಕೆಪಾಸಿಟರ್ ಬೊಗಸೆ. ಕಣಜದಲ್ಲಿ ಹೋದ ವರ್ಷದ್ದೂ ಉಳಿದಿರುತ್ತದೆ, ನೋಡಿಕೊಳ್ಳದಿದ್ದರೆ ಮುಗ್ಗುತ್ತದೆ. ಬೊಗಸೆಯಲ್ಲಿ ಏನೂ ಕೊಳೆಯುವುದಿಲ್ಲ, ಏಕೆಂದರೆ ಏನೂ ಉಳಿಯುವುದಿಲ್ಲ. ಕೆಪಾಸಿಟರ್ ಹಾಕಿದ ಎಂಜಿನ್ನು ಪ್ರತಿ ಸಲವೂ ಬರಿಗೈಯಲ್ಲಿ ಎದ್ದು, ಹಳಿಯ ಮೇಲೆ ಸ್ವಲ್ಪ ಹೊತ್ತು ನಿಂತು ತುಂಬಿಕೊಳ್ಳಬೇಕು. ಅಷ್ಟರೊಳಗೆ ಕರೆಂಟ್ ಕಡಿದರೆ ಮೂಕ. ತುಂಬಿಕೊಂಡ ಮೇಲೆ ಮಾತ್ರ ಭಯವಿಲ್ಲ. ರಾಸಾಯನಿಕ ಕ್ರಿಯೆಯೇ ಇಲ್ಲದ್ದರಿಂದ ಕೂತು ಸಾಯುವ ಪ್ರಶ್ನೆಯೂ ಇಲ್ಲ. ಆರು ತಿಂಗಳು ಗೋಡೆಯೇ ಬೆವರುವ ನಮ್ಮೂರಿಗೆ ಅದೇ ಸರಿ ಎಂದು ನನಗೂ ಅನ್ನಿಸಿತು, ಹೇಳಿದೆ ಕೂಡ.

ದೊಡ್ಡಪ್ಪ ಒಪ್ಪಲಿಲ್ಲ.

"ಅದನ್ನ ಹಾಕಿದ್ರೆ ಏನಾಗತ್ತೆ ಗೊತ್ತಾ? ಇದು ಸೀದಾ ಕಪಾಟಿಗೆ ಹೋಗತ್ತೆ. ಹತ್ತು ವರ್ಷ ಬಿಟ್ಟು ತೆಗೆದ್ರೂ ಕೂಗತ್ತೆ ಅಂತ ಯಾರೂ ಮುಟ್ಟಲ್ಲ. ಬ್ಯಾಟರಿ ಇದ್ರೆ ತಿಂಗಳಿಗೊಂದ್ಸಲನಾದ್ರೂ ಓಡಿಸ್ಬೇಕಲ್ಲ."

ವಾದಕ್ಕೆ ವಾದ ಇತ್ತು, ಆದರೆ ಮಗ ವರ್ಷಕ್ಕೊಮ್ಮೆ ಬರುವ ಮನೆಯಲ್ಲಿ ಆ ಮಾತಿನ ಮೇಲೆ ವಾದ ಬೆಳೆಸುವುದು ನನ್ನಿಂದಾಗಲಿಲ್ಲ. ಹಳೆಯ ಬ್ಯಾಟರಿಯನ್ನು ಗೊಬ್ಬರದ ಗುಂಡಿಗೆ ಎಸೆಯಲು ಹೊರಟಿದ್ದವರನ್ನು ಮಾತ್ರ ತಡೆದೆ. ಕ್ಯಾಡ್ಮಿಯಂ ವಿಷ, ಇಲ್ಲಿಯ ಮಣ್ಣಿಗೆ ಬಿದ್ದದ್ದು ಮಳೆಯೊಂದಿಗೆ ಹಳ್ಳಕ್ಕೆ ಇಳಿಯುತ್ತದೆ. 2022ರ ನಿಯಮದ ಪ್ರಕಾರ ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವುದು ತಯಾರಕರ ಹೊಣೆ. ದೋಣಿಗಲ್‌ನಲ್ಲಿ ಪಡೆಯಲು ಬರುವವರು ಯಾರು ಎಂದು ನಿಯಮ ಹೇಳುವುದಿಲ್ಲ. ಸದ್ಯಕ್ಕೆ ಅದನ್ನು ಬೆಂಗಳೂರಿಗೆ ಒಯ್ಯುವುದು ನನ್ನ ಪಾಲಿಗೆ ಬಂತು.

ಹೊಸ ಬ್ಯಾಟರಿ ಕೂರಿಸಿ ಸ್ಕ್ರೂ ಬಿಗಿಯುತ್ತ ರಿಪೇರಿಯವನು ತಿಂಗಳಿಗೊಮ್ಮೆ ಒಂದಷ್ಟು ಹೊತ್ತು ಹಳಿಯ ಮೇಲೆ ನಿಲ್ಲಿಸಿ ಕರೆಂಟ್ ಕೊಡಿ, ಮಳೆಗಾಲದಲ್ಲಂತೂ ಮರೀಬೇಡಿ ಎಂದ. ದೊಡ್ಡಪ್ಪ ಆಗಲಪ್ಪ ಎಂದು ತಲೆಯಾಡಿಸಿದರು. ಅವನು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು, "ಮಳೆಗಾಲದಲ್ಲಿ ನಿಮ್ಮೂರಲ್ಲಿ ಕರೆಂಟ್ ಇದ್ರಲ್ವಾ ಗೌಡ್ರೆ, ಕೊಡೋದು" ಎಂದ.