ತಪ್ಪು ಬೇರೆ, ಹೊಣೆ ಬೇರೆ

ಮೂರು ವರ್ಷದ ಮಗು 'ಅ-ಅ-ಅಮ್ಮ' ಎಂದು ಮಾತಿನ ಮೊದಲಕ್ಷರದಲ್ಲೇ ತಡವರಿಸತೊಡಗಿದರೆ, ಮನೆಯಲ್ಲಿ ಮೊದಲು ಏಳುವುದು ತಪ್ಪಿನ ಪ್ರಶ್ನೆ. ತಾಯಿ ಹೆದರಿಸಿದಳೇ? ತಂದೆ ಗದರಿದನೇ? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂಬ ನಮ್ಮ ಪರಸ್ಥಳದ ಬಾಳೇ ಮಗುವಿನ ನಾಲಗೆಯನ್ನು ಕಟ್ಟಿತೇ?

ಈ ಯಾವುದೂ ಉಗ್ಗಿಗೆ ಕಾರಣವಲ್ಲವೆಂದು ಇಂದಿನ ಅರಿವು ಹೇಳುತ್ತದೆ. ಅದು ಹೆಚ್ಚಾಗಿ 2 ರಿಂದ 5 ವರ್ಷದೊಳಗೆ ತಲೆದೋರುತ್ತದೆ. ವಂಶದಲ್ಲಿ ಹರಿದುಬರುವುದೂ ಉಂಟು. ನೂರಕ್ಕೆ ಸುಮಾರು 5 ಮಕ್ಕಳು ಯಾವುದೋ ಒಂದು ಹಂತದಲ್ಲಿ ಉಗ್ಗುತ್ತಾರೆ. ಬಹುಪಾಲು ಮಕ್ಕಳಲ್ಲಿ ಅದು ತಾನಾಗಿಯೇ ಹೋಗುತ್ತದೆ. ತಂದೆತಾಯಿಗಳ ಆತಂಕವೇ ಉಗ್ಗನ್ನು ಹುಟ್ಟಿಸುತ್ತದೆಂದು ಅಮೆರಿಕದ ವೆಂಡೆಲ್ ಜಾನ್ಸನ್ ಕಳೆದ ಶತಮಾನದಲ್ಲಿ ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ.

ತಪ್ಪು ನಮ್ಮದಲ್ಲವಾದರೆ ಚಿಕಿತ್ಸೆಯ ಭಾರ ನಮಗೇಕೆ? 1980ರ ದಶಕದಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ರೂಪುಗೊಂಡ ಲಿಡ್‌ಕೂಂಬ್ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವರು ತಂದೆ ಅಥವಾ ತಾಯಿಯೇ. ವಾಕ್ ಚಿಕಿತ್ಸಕರು ವಾರಕ್ಕೊಮ್ಮೆ ಅವರಿಗೆ ದಾರಿ ತೋರಿಸುತ್ತಾರೆ. ದಿನವೂ ಸ್ವಲ್ಪ ಹೊತ್ತು ಮಗುವಿನೊಡನೆ ಆಡುತ್ತ, ಚಿತ್ರ ನೋಡುತ್ತ, ಮಾತು ಸಲೀಸಾಗಿ ಬಂದಾಗ 'ಭೇಷ್' ಎನ್ನಬೇಕು. ತಡವರಿಸಿದ್ದನ್ನು ಅಪರೂಪಕ್ಕೆ, ಮೆಲ್ಲಗೆ ಮಾತ್ರ ಗುರುತಿಸಬೇಕು.

ಸಲೀಸಾದ ಮಾತಿಗಷ್ಟೇ ಮೆಚ್ಚುಗೆ ಎಂದರೆ ಪ್ರೀತಿಗೇ ಷರತ್ತು ಹಾಕಿದಂತಲ್ಲವೇ ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. 2015ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಅಧ್ಯಯನ ಇದನ್ನು ಮತ್ತೊಂದು ಪದ್ಧತಿಯೊಡನೆ ಹೋಲಿಸಿ ನೋಡಿತು. ಆ ಇನ್ನೊಂದರಲ್ಲಿ ಮಗುವಿನ ಮಾತನ್ನು ತಿದ್ದುವುದಕ್ಕಿಂತ ಮೊದಲು ಅದರ ಮೇಲಿನ ಒತ್ತಡವನ್ನು ಇಳಿಸುತ್ತಾರೆ, ಹಿರಿಯರು ತಮ್ಮ ಮಾತಿನ ವೇಗವನ್ನೇ ತಗ್ಗಿಸುತ್ತಾರೆ. 18 ತಿಂಗಳ ಬಳಿಕ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಎರಡಕ್ಕೂ ಸಮಾನವಾದದ್ದು, ಮಗುವಿನೆದುರು ದಿನವೂ ಬಿಡುವು ಮಾಡಿಕೊಂಡು ಕುಳಿತ ಹಿರಿಯರು. ನಮಗೆ ಮುಖ್ಯವೆನಿಸುವುದು ಇದೇ.

ಹಸಿದವನಿಗೆ ಅನ್ನವಿಡುವಾಗ ಅವನ ಹಸಿವಿಗೆ ನಾವೇ ಕಾರಣವೆಂದು ಇಡುವುದಿಲ್ಲ. ಅನ್ನ ನಮ್ಮ ಕೈಯಲ್ಲಿದೆ, ಅದಕ್ಕೇ ಇಡುತ್ತೇವೆ. ಹೊಣೆ ಹುಟ್ಟುವುದು ತಪ್ಪಿನಿಂದಲ್ಲ, ಹತ್ತಿರವಿರುವುದರಿಂದ. ಚಿಕಿತ್ಸಕರಿಗೆ ಮಗು ಸಿಗುವುದು ವಾರಕ್ಕೊಂದು ಗಂಟೆ; ಉಳಿದ ಹೊತ್ತೆಲ್ಲ ಅದು ಮಾತಾಡುವುದು ನಮ್ಮೊಡನೆಯೇ.

ಮಹಾನಗರದಲ್ಲಿ ನಮಗೆ ದುಬಾರಿಯಾದದ್ದು ಈ ಹೊತ್ತೇ. ಲೋಕಲ್ ಗಾಡಿ ಇಳಿದು ರಾತ್ರಿ ಎಂಟಕ್ಕೆ ಮನೆ ಸೇರುವವರಿಗೆ ಮಗುವಿನ ವಾಕ್ಯವನ್ನು ತಾವೇ ಮುಗಿಸಿಬಿಡುವುದು ಸುಲಭ. ನಾಲಗೆಗೆ ಬಜೆ ತೇಯ್ದು ಹಚ್ಚುವುದು, ಬಂದವರೆದುರು ಪದ್ಯ ಹೇಳಿಸುವುದು, ಮನೆಯ ಕನ್ನಡವನ್ನೇ ಬಿಟ್ಟುಬಿಡುವುದು ಇನ್ನೂ ಸುಲಭ. ಕನ್ನಡ ಬಿಟ್ಟರೆ ಉಗ್ಗು ಹೋಗದು. ಊರಿನ ಅಜ್ಜಿಯೊಡನೆ ಮಾತಾಡುವ ಭಾಷೆಯೊಂದು ಹೋದೀತು.

ಯಾವ ಮಗುವಿನ ಉಗ್ಗು ತಾನಾಗಿ ಹೋಗುತ್ತದೆಂದು ಮೊದಲೇ ತಿಳಿಯಲಾಗದು. ಆದ್ದರಿಂದ ವರ್ಷಗಟ್ಟಲೆ ಕಾಯದೆ ವಾಕ್ ಚಿಕಿತ್ಸಕರನ್ನು ಕಾಣುವುದೇ ಲೇಸು. ರಜೆಗೆ ಊರಿಗೆ ಹೋಗುವವರಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ. ಅಲ್ಲಿಯವರೆಗೂ, ಆಮೇಲೂ, ಮಗು ಹೇಗೆ ಹೇಳಿತೆಂಬುದಕ್ಕಿಂತ ಏನು ಹೇಳಿತೆಂಬುದಕ್ಕೆ ಮೊದಲು ಉತ್ತರ ಕೊಡೋಣ.