ಬೀಗದ ಕೈ ಯಾರ ಬಳಿ?

ಒಂದು ವಸ್ತು ಹಳೆಯದಾಯಿತು ಎಂದು ಹೇಳುವ ಅಧಿಕಾರ ಯಾರದು? ನಮ್ಮ ತಾಯಂದಿರ ಕಾಲದಲ್ಲಿ ಇದಕ್ಕೆ ಉತ್ತರ ಸುಲಭವಾಗಿತ್ತು. ಕೊಡಪಾನ ಸೋರಿದರೆ ಬೆಸುಗೆ ಹಾಕಿಸುತ್ತಿದ್ದರು. ಸೀರೆ ಹರಿದರೆ ಮಗಳ ಲಂಗವಾಗಿ, ಲಂಗ ಸವೆದರೆ ಕೌದಿಯಾಗಿ, ಕೌದಿಯೂ ಸವೆದ ಮೇಲೆ ಒಲೆಯ ಪಕ್ಕದ ಮಸಿಬಟ್ಟೆಯಾಗಿ ಮುಗಿಯುತ್ತಿತ್ತು. ವಸ್ತು ತನ್ನ ಮುಪ್ಪನ್ನು ತಾನೇ ಹೇಳುತ್ತಿತ್ತು, ಬಳಸುವ ಕೈ ಅದನ್ನು ಒಪ್ಪಿಕೊಳ್ಳುತ್ತಿತ್ತು. ಈಗ ನಮ್ಮ ಮನೆಗಳಿಗೆ ಬಂದಿರುವ ಕೆಲವು ವಸ್ತುಗಳ ಮುಪ್ಪನ್ನು ಮಾತ್ರ ಎಲ್ಲೋ ದೂರದಲ್ಲಿ ಕುಳಿತವರು ದಿನಾಂಕ ಹಾಕಿ ತಿಳಿಸುತ್ತಾರೆ. ವಸ್ತು ನೆಟ್ಟಗೇ ಇರುತ್ತದೆ. ಕಾಗದದ ಮೇಲೆ ಅದು ಸತ್ತಿರುತ್ತದೆ.

2025ರ ಅಕ್ಟೋಬರ್ 14 ಅಂಥದೊಂದು ದಿನ. ಕೋಟ್ಯಂತರ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂಗೆ, ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಕಂಪನಿ ಅಂದು ತನ್ನ ಬೆಂಬಲವನ್ನು ನಿಲ್ಲಿಸಿತು.

ಆಪರೇಟಿಂಗ್ ಸಿಸ್ಟಂ ಎಂದರೇನು ಎಂದು ತರಗತಿಯಲ್ಲಿ ಮಕ್ಕಳು ಕೇಳಿದರೆ, ನಿಮ್ಮ ನಿಮ್ಮ ಅಮ್ಮಂದಿರನ್ನು ನೆನೆಸಿಕೊಳ್ಳಿ ಎನ್ನುತ್ತೇನೆ. ಮನೆಗೆ ಬಂದವರಿಗೆ ಬಾಗಿಲು ತೆರೆಯುವವಳು ಆಕೆ. ಯಾರು ಎಲ್ಲಿ ಕೂರಬೇಕು, ಯಾವ ಡಬ್ಬಿ ಯಾವ ಗೂಡಿನಲ್ಲಿದೆ, ಒಲೆ ಯಾರಿಗೆ ಯಾವಾಗ ಬಿಡುವು, ಬೀದಿಯಿಂದ ಬಂದವನು ನೆಂಟನೋ ಕಳ್ಳನೋ ಎಂಬುದೆಲ್ಲ ಆಕೆಗೆ ಗೊತ್ತು. ನಾವು ಪತ್ರ ಬರೆಯುವ, ಲೆಕ್ಕ ಹಾಕುವ, ಚಿತ್ರ ನೋಡುವ ಸಾಫ್ಟ್‌ವೇರುಗಳೆಲ್ಲ ಬಂದು ಹೋಗುವ ನೆಂಟರು. ಮನೆ ನಡೆಸುವವಳು ಬೇರೆ. ಅವಳ ಕೆಲಸ ಕಣ್ಣಿಗೆ ಬೀಳುವುದು ಅವಳು ಹಾಸಿಗೆ ಹಿಡಿದಾಗ ಮಾತ್ರ. ಇದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ವಿಂಡೋಸ್‌ನ ವಂಶಾವಳಿಯೂ ನಮ್ಮ ಚರಿತ್ರೆಯ ಪಾಠದಲ್ಲಿ ಬರುವ ಅರಸರ ಪಟ್ಟಿಯಂತೆಯೇ ಇದೆ. 1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಬಂತು. 2001ರಲ್ಲಿ ಎಕ್ಸ್‌ಪಿ ಬಂದು, 2014ರ ಏಪ್ರಿಲ್‌ವರೆಗೆ ಬೆಂಬಲ ಪಡೆಯಿತು. 2009ರಲ್ಲಿ ಬಂದ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಬೆಂಬಲ ಮುಗಿಯಿತು. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಇದೇ ವಿಂಡೋಸ್‌ನ ಕೊನೆಯ ಆವೃತ್ತಿ ಎಂದು ಆ ವರ್ಷ ಕಂಪನಿಯ ಉದ್ಯೋಗಿಯೊಬ್ಬರು ಸಮ್ಮೇಳನದಲ್ಲಿ ಹೇಳಿದ್ದರು. ಆದರೂ 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂತು, ಕೆಲವು ಕಟ್ಟುಪಾಡುಗಳೊಡನೆ ಬಂತು. ಕಂಪ್ಯೂಟರಿನೊಳಗೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇರಬೇಕು. ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನದಾಗಿರಬೇಕು. ಅಂದರೆ 2016ರಲ್ಲೋ 2017ರ ಮೊದಲಲ್ಲೋ ಕೊಂಡ ಕಂಪ್ಯೂಟರು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಹೊಸ ಮನೆಯ ಬಾಗಿಲು ಅದಕ್ಕೆ ಮುಚ್ಚಿದಂತೆಯೇ.

ನಮ್ಮ ಬಸವೇಶ್ವರನಗರದಲ್ಲಿ ಮನೆಯಲ್ಲೇ ಕುಳಿತು ಡಿಟಿಪಿ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಸಂಘಗಳ ವಾರ್ಷಿಕ ವರದಿ, ಶಾಲೆಗಳ ಪ್ರಶ್ನೆಪತ್ರಿಕೆ, ಇವೇ ಅವಳ ಅನ್ನ. ಇಬ್ಬರು ಮಕ್ಕಳ ಫೀಸು ಆ ಒಂದು ಯಂತ್ರದಿಂದಲೇ ಹುಟ್ಟಬೇಕು. 2016ರಲ್ಲಿ ಕೊಂಡದ್ದು. ಪರದೆಯ ಮೇಲೆ ಬೆಂಬಲ ಮುಗಿಯಿತೆಂಬ ಸೂಚನೆ ಬಂದಾಗ ಗಾಬರಿಯಾಗಿ ಅಂಗಡಿಯವನನ್ನು ಕೇಳಿದಳು. ಹೊಸದು ತಗೊಳ್ಳಿ ಎಂದು ಅವನು ಒಂದೇ ಮಾತಿನಲ್ಲಿ ಮುಗಿಸಿದ. "ಮೇಡಂ, ಕೆಡದೇ ಇರೋದನ್ನ ಯಾಕೆ ಎಸೀಬೇಕು?" ಎಂದು ಆಕೆ ಕೇಳಿದ್ದು ನನ್ನನ್ನು. ಕೇಳಿದ್ದು ಕಂಪ್ಯೂಟರಿನ ಪ್ರಶ್ನೆಯಂತಿದ್ದರೂ, ಅದರೊಳಗೆ ಧರ್ಮದ ಪ್ರಶ್ನೆಯೊಂದು ಕುಳಿತಿತ್ತು. ಕೊಟ್ಟವನ ಹೊಣೆ ಎಲ್ಲಿಗೆ ಮುಗಿಯುತ್ತದೆ?

ನಾನು ಸಮಾಜ ವಿಜ್ಞಾನ ಹೇಳಿಕೊಡುವವಳು. ನನಗೆ ತಿಳಿದಿರುವ ಉತ್ತರ ಶಾಸನಗಳಲ್ಲಿದೆ. ನಮ್ಮ ನಾಡಿನ ಹಳೆಯ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತುಂಟು: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದು, ಬಿರುಕು ಬಿಟ್ಟದ್ದು, ಜೀರ್ಣವಾದದ್ದು, ಇವುಗಳನ್ನು ಸರಿಪಡಿಸುವುದು ಎಂದರ್ಥ. ದೇವಾಲಯಕ್ಕೆ ಭೂಮಿ ಬಿಡುವಾಗ ಪೂಜೆಗೆ ಇಷ್ಟು, ನೈವೇದ್ಯಕ್ಕೆ ಇಷ್ಟು ಎಂಬುದರ ಜೊತೆಗೆ ಈ ಕೆಲಸಕ್ಕೂ ಎಂದು ಬರೆಸುತ್ತಿದ್ದರು. ಕಲ್ಲಿನ ಗುಡಿ ಎಂದಾದರೊಂದು ದಿನ ಬಿರುಕು ಬಿಡುತ್ತದೆಂದು ಅವರಿಗೆ ಗೊತ್ತಿತ್ತು. ಆ ದಿನಕ್ಕೆ ಬೇಕಾದ ಗದ್ದೆಯನ್ನು ಅವರು ಮುಂಚೆಯೇ ತೆಗೆದಿಟ್ಟರು. ದಾನ ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದೇ ಹೆಚ್ಚಿನದೆಂಬ ಅರ್ಥದ ಮಾತೂ ಎಷ್ಟೋ ಶಾಸನಗಳ ಕೊನೆಯಲ್ಲಿದೆ.

ಹಾಗೆ ನೋಡಿದರೆ ಬೆಂಬಲ ಎನ್ನುವುದು ಜೀರ್ಣೋದ್ಧಾರವೇ. ಲಕ್ಷಾಂತರ ಸಾಲುಗಳಲ್ಲಿ ಬರೆದ ಸಾಫ್ಟ್‌ವೇರಿನಲ್ಲಿ ಎಲ್ಲೋ ಒಂದು ಕಡೆ ಬಿರುಕು ಉಳಿದೇ ಉಳಿಯುತ್ತದೆ. ಕಳ್ಳರು ಅದನ್ನು ಹುಡುಕುತ್ತಾರೆ, ತಯಾರಿಸಿದವರು ತೇಪೆ ಹಾಕುತ್ತಾರೆ. ಪ್ರತಿ ತಿಂಗಳ ಅಪ್‌ಡೇಟ್ ಅಂದರೆ ಇದು. ಬೆಂಬಲ ನಿಂತ ಯಂತ್ರ ಮರುದಿನ ನಿಂತುಹೋಗುವುದಿಲ್ಲ. ಹೊಸದಾಗಿ ಬಿಟ್ಟ ಬಿರುಕನ್ನು ಮುಚ್ಚುವವರು ಇಲ್ಲವಾಗುತ್ತಾರೆ, ಅಷ್ಟೆ. ಕಂಪನಿಯನ್ನು ಸುಮ್ಮನೆ ದೂರುವುದೂ ನ್ಯಾಯವಲ್ಲ. ಹತ್ತು ವರ್ಷಕ್ಕೂ ಮಿಕ್ಕಿ ಅವರು ಬೇರೆ ಹಣ ಕೇಳದೆ ತೇಪೆ ಹಾಕಿದ್ದಾರೆ. ಯಾವನೂ ಕೊನೆಯಿಲ್ಲದ ಕಾಲದವರೆಗೆ ಹೊಣೆ ಹೊರಲಾರ; ಹೊಯ್ಸಳರೂ ಹೊರಲಿಲ್ಲ.

ಆದರೆ ಇಲ್ಲೊಂದು ವ್ಯತ್ಯಾಸವಿದೆ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಕಟ್ಟಿಸಿದ ವಿಷ್ಣುವರ್ಧನನ ವಂಶ ಮುಗಿದ ಮೇಲೆ, ಬಿದ್ದ ಗೋಪುರವನ್ನು ಮತ್ತೆ ಎತ್ತಿಸಿದ್ದು ವಿಜಯನಗರದ ಕಾಲದವರು. ಅವರಿಗೆ ಅದು ಸಾಧ್ಯವಾದದ್ದು ಏಕೆ? ಕಲ್ಲು ಕಣ್ಣೆದುರಿಗೇ ಇತ್ತು. ಯಾವ ಕಲ್ಲು ಯಾವುದರ ಮೇಲೆ ಕೂತಿದೆ ಎಂದು ಬಲ್ಲ ಶಿಲ್ಪಿ ನೋಡಿ ತಿಳಿಯಬಹುದಿತ್ತು. ವಿಂಡೋಸ್‌ನ ಒಳಕಟ್ಟು ಹಾಗಲ್ಲ, ಅದು ಮುಚ್ಚಿದ ಕೋಣೆ. ಯಜಮಾನ ದುರಸ್ತಿ ನಿಲ್ಲಿಸಿದ ಮೇಲೆ ಬೇರೆ ಬಡಗಿಗೂ ಒಳಗೆ ಪ್ರವೇಶವಿಲ್ಲ. ಮನೆ ಬಿಟ್ಟು ಹೋಗುವವನು ಬೀಗದ ಕೈಯನ್ನೂ ಜೇಬಿನಲ್ಲಿಟ್ಟುಕೊಂಡು ಹೋದಂತೆ. ಇನ್ನು ಕಾಯಲಾರೆ ಎನ್ನುವುದರಲ್ಲಿ ತಪ್ಪು ಕಾಣುವುದಿಲ್ಲ. ನಾನೂ ಕಾಯುವುದಿಲ್ಲ, ನೀವೂ ಕಾಯಕೂಡದು ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಕೀಲಿಯನ್ನು ಹೊಸಿಲ ಮೇಲೇ ಇಟ್ಟವರೂ ಇದ್ದಾರೆ. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಶುರುಮಾಡಿ, ಅದರ ಒಳಕಟ್ಟನ್ನು ಎಲ್ಲರಿಗೂ ತೆರೆದಿಟ್ಟ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದರ ಮೇಲೆ ಕಟ್ಟಿದ ಉಬುಂಟು 2004ರಿಂದ ಬರುತ್ತಿದೆ. ಎರಡು ವರ್ಷಕ್ಕೊಮ್ಮೆ ಬರುವ ದೀರ್ಘಾವಧಿಯ ಆವೃತ್ತಿಗೆ ಐದು ವರ್ಷ ಉಚಿತ ತೇಪೆ ಸಿಗುತ್ತದೆ, ಆಮೇಲೆ ಮುಂದಿನದಕ್ಕೆ ದಾಟಿಕೊಳ್ಳಬಹುದು. ಹಳೆಯ ಯಂತ್ರಗಳಿಗೆಂದೇ ಹಗುರವಾಗಿ ಮಾಡಿದ ಲಿನಕ್ಸ್‌ಗಳೂ ಇವೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ 'ಕಗಪ' ಕೀಲಿಮಣೆಯೂ ಅದರಲ್ಲಿ ಉಂಟು.

ಇಷ್ಟು ಹೇಳಿದೆನೆಂದು ಹಳೆಯದಕ್ಕೆ ಕಣ್ಣುಮುಚ್ಚಿ ಅಂಟಿಕೊಳ್ಳಿ ಎಂದು ತಿಳಿಯಬೇಡಿ. ಬಳಸುವವರಿಗೂ ಒಂದು ಧರ್ಮವಿದೆ. ನಮ್ಮ ಹಿತ್ತಲ ಬಾವಿ ಕೊಳೆತರೆ ಕುಡಿಯುವವರು ನಾವು. ಬೀದಿಯ ಟ್ಯಾಂಕಿಗೆ ನಮ್ಮ ಕೊಳವೆಯಿಂದ ಕೊಳೆ ಹೋದರೆ ಕುಡಿಯುವವರು ಊರವರು. ಇಂಟರ್‌ನೆಟ್ಟಿಗೆ ಜೋಡಿಸಿದ ಕಂಪ್ಯೂಟರು ಬೀದಿಯ ಟ್ಯಾಂಕಿಗೆ ಸೇರಿದ್ದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಇಂಥ ಬಿರುಕಿನಿಂದಲೇ ನುಗ್ಗಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಆ ಬಿರುಕಿನ ತೇಪೆ ಎರಡು ತಿಂಗಳು ಮೊದಲೇ ಬಂದಿತ್ತು. ಹಾಕಿಕೊಳ್ಳದವರು ಬಹಳ ಮಂದಿ. ಬೆಂಬಲ ಮುಗಿದು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತೇಪೆ ಕೊಟ್ಟಿತು. ದಿನಾಂಕ ಮುಗಿದರೂ ಹೊಣೆ ಪೂರ್ತಿ ಮುಗಿಯುವುದಿಲ್ಲವೆಂದು ಅವರೇ ಒಪ್ಪಿದಂತಾಯಿತಲ್ಲವೇ? "ಆಮೇಲೆ ನೋಡೋಣ" ಎಂದು ಅಪ್‌ಡೇಟನ್ನು ತಿಂಗಳುಗಟ್ಟಲೆ ಮುಂದೂಡುವ ನಮ್ಮ ಹೊಣೆಯೂ ಅದರೊಡನೆ ಬೆಳಕಿಗೆ ಬಂತು.

ಹೊಸ ಆವೃತ್ತಿಗಳು ನಮಗೆ ಕೊಟ್ಟದ್ದನ್ನೂ ಮರೆಯಬಾರದು. ಒಂದು ಕಾಲಕ್ಕೆ ಕಂಪ್ಯೂಟರಿನಲ್ಲಿ ಕನ್ನಡವೆಂದರೆ ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಬಾಡಿಗೆಗಿದ್ದಂತೆ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು, ಕೆಲವೇ ವರ್ಷಗಳಲ್ಲಿ ಗಣಕ ಪರಿಷತ್ತಿನ 'ನುಡಿ' ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಎಷ್ಟೋ ಮಂದಿಯ ಬೆರಳಿಗೆ ಕನ್ನಡ ಒಲಿಯಿತು. ಆದರೂ ಆಗಿನ ಕಡತ ತೆರೆಯಲು ಆಯಾ ಫಾಂಟೇ ಇರಬೇಕಿತ್ತು. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತು. ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟನ್ನು ತನ್ನೊಡನೆಯೇ ತಂದಿತು. ಹೊಸದನ್ನು ಹಳಿದುಬಿಟ್ಟರೆ ಇದನ್ನೆಲ್ಲ ಹಳಿದಂತೆ.

ಹಾಗಾದರೆ ಆ ಹೆಣ್ಣುಮಗಳು ಏನು ಮಾಡಿದಳು? ಮೊದಲು ಕಡತಗಳನ್ನೆಲ್ಲ ಎರಡು ಕಡೆ ನಕಲಿಟ್ಟಳು, ಒಂದು ಮನೆಯಲ್ಲಿ, ಒಂದು ತಂಗಿಯ ಮನೆಯಲ್ಲಿ. ನುಡಿಯ ಹಳೆಯ ಕಡತಗಳಲ್ಲಿ ಬೇಕಾದವನ್ನು ಯೂನಿಕೋಡಿಗೆ ಪರಿವರ್ತಿಸಿದಳು. ಇದು ಎಲ್ಲರೂ ಮಾಡಬೇಕಾದ ಕೆಲಸ. ಯಂತ್ರ ದೇಹದಂತೆ, ಬರೆದದ್ದು ಉಸಿರಿನಂತೆ. ವಿಂಡೋಸ್ 10ಕ್ಕೆ ಒಂದು ವರ್ಷ ಹೆಚ್ಚಿನ ಭದ್ರತೆಯನ್ನು, ಅಂದರೆ 2026ರ ಅಕ್ಟೋಬರ್ 13ರವರೆಗೆ ಎಂದು, ಕಂಪನಿ ಪ್ರಕಟಿಸಿತ್ತು. ಕಂಪನಿಯ ಖಾತೆಗೆ ಸೇರಿ ಕಂಪ್ಯೂಟರಿನ ಸೆಟ್ಟಿಂಗುಗಳನ್ನು ಅಲ್ಲಿ ನಕಲಿಟ್ಟರೆ ಹಣ ಬೇಕಿಲ್ಲ, ಬೇಡವೆಂದರೆ 30 ಡಾಲರ್. ಅದನ್ನು ಪಡೆದುಕೊಂಡಳು. ಎಸ್.ಪಿ. ರಸ್ತೆಯಿಂದ ಎಸ್‌ಎಸ್‌ಡಿ ತರಿಸಿ ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕಿಸಿದಳು. ತಿರುಗುವ ತಟ್ಟೆಯಿಲ್ಲದ್ದರಿಂದ ಕಂಪ್ಯೂಟರು ಬೇಗ ಎಚ್ಚರಗೊಳ್ಳುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಸ್ಟಾರ್ಟ್‌ಅಪ್ ಎಂಬ ಪುಟದಲ್ಲಿ, ಕರೆಯದೆ ಬೆಳಗಾಗೆದ್ದು ಬರುವ ಸಾಫ್ಟ್‌ವೇರುಗಳನ್ನು ತಡೆದಳು. ಮುಂದೆ ಆ ಭದ್ರತೆಯೂ ಮುಗಿದಾಗ ಯಂತ್ರವನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ, ಅಕ್ಷರ ಜೋಡಣೆಗೆ ಮಾತ್ರ ಇಟ್ಟುಕೊಳ್ಳುವುದು, ಇಲ್ಲವೇ ಲಿನಕ್ಸ್ ಹಾಕಿಸುವುದು ಎಂದು ಲೆಕ್ಕ ಹಾಕಿದ್ದಾಳೆ. ಬ್ಯಾಂಕಿನ ವ್ಯವಹಾರ ಆ ಯಂತ್ರದಲ್ಲಿ ಬೇಡವೆಂದು ಈಗಲೇ ನಿಲ್ಲಿಸಿದ್ದಾಳೆ. ಹೊಸ ಕಂಪ್ಯೂಟರಿಗೆ ಕೊಡಬೇಕಾಗಿದ್ದ ಹಣದಲ್ಲಿ ಈ ಸಲದ ಫೀಸು ಕಟ್ಟಿದಳು.

ನಿಜವಾಗಿಯೂ ಮುಗಿದ ಯಂತ್ರಕ್ಕೂ ಅಂತ್ಯಸಂಸ್ಕಾರವೊಂದಿದೆ. ಅದರಲ್ಲಿ ಸೀಸದಂಥ ವಿಷವಸ್ತುಗಳಿರುತ್ತವೆ. ಗುಜರಿಗೆ ಹಾಕಿದರೆ ಯಾರೋ ಬಡವರ ಮಕ್ಕಳು ತಾಮ್ರಕ್ಕಾಗಿ ತಂತಿ ಸುಟ್ಟು ಹೊಗೆ ಕುಡಿಯುತ್ತಾರೆ. ಇ-ತ್ಯಾಜ್ಯಕ್ಕೆ ಕಾನೂನಿದೆ, ಪರವಾನಗಿ ಪಡೆದ ಸಂಗ್ರಹಕಾರರಿದ್ದಾರೆ. ಅಲ್ಲಿಗೇ ಕೊಡಬೇಕು.

ನಮ್ಮ ರಾಜಾಜಿನಗರ, ವಿಜಯನಗರದ ಬೀದಿಗಳಲ್ಲಿ ಮಿಕ್ಸಿ ರಿಪೇರಿಯವನಿದ್ದಾನೆ, ಕುಕ್ಕರಿನ ಗ್ಯಾಸ್ಕೆಟ್ ಕೊಡುವವನಿದ್ದಾನೆ, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಸರಿಮಾಡುವವನಿದ್ದಾನೆ. ಇವರೆಲ್ಲ ಬದುಕಿರುವುದು ಆ ವಸ್ತುಗಳನ್ನು ಮಾಡಿದವರು ತಿರುಪುಮೊಳೆ ಬಿಚ್ಚಲು ಬರುವಂತೆ ಮಾಡಿದ್ದರಿಂದ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ರಚಿಸಿತು. ಹಕ್ಕು ಕಾನೂನಿನಿಂದ ಬರುವವರೆಗೆ ನಾವು ಅಂಗಡಿಯಲ್ಲೇ ಕೇಳಲು ಶುರುಮಾಡಬಹುದು. ಸೀರೆ ಕೊಳ್ಳುವಾಗ ಬಣ್ಣ ಹೋಗುತ್ತದೆಯೇ ಎಂದು ಹತ್ತು ಸಲ ಕೇಳುವವರು ನಾವು. ಮುಂದಿನ ಸಲ ಮನೆಗೋ ಮಕ್ಕಳಿಗೋ ಕಂಪ್ಯೂಟರು ತರುವಾಗ ಅದರ ಬೆಲೆ, ಬಣ್ಣ ವಿಚಾರಿಸುವುದರ ಜೊತೆಗೆ ಇನ್ನೆರಡು ಮಾತು ಕೇಳೋಣ: ಇದಕ್ಕೆ ಎಷ್ಟು ವರ್ಷ ತೇಪೆ ಹಾಕುತ್ತೀರಿ? ನೀವು ನಿಲ್ಲಿಸಿದ ಮೇಲೆ ಬೇರೆಯವರು ಹಾಕಬಹುದೇ?